ಒಂದನೇ ನಂಬರಿಲ್ಲದ ಚುನಾವಣೆ

1987ರಲ್ಲಿ, ಎಂಟನೇ ತರಗತಿಗೆ, ನಾನು ಓದು ನಿಲ್ಲಿಸಿದೆ. ಅದೇ ವರ್ಷದ ಬೇಸಿಗೆಯಲ್ಲಿ ನನ್ನ ಸೋದರಮಾವ ಫಿನ್ಲೆಂಡಿನಿಂದ ವಾಪಸು ಬಂದರು. ಅವರ ಎಡಗೈ ತೋರುಬೆರಳು ಎರಡನೇ ಗೆಣ್ಣಿಗೇ ನಿಂತುಹೋಗಿತ್ತು. ಆ ದೇಶಕ್ಕೆ ಹೋಗುವುದಕ್ಕೆ ಬಹಳ ಮೊದಲೇ ಇಲ್ಲಿಯ ಕಾಗದದ ಕಾರ್ಖಾನೆಯ ರೋಲರು ಮಿಕ್ಕಿದ್ದನ್ನು ತಿಂದುಹಾಕಿತ್ತು. ಚುನಾವಣೆಯ ದಿನ ಮಸಿ ಹಚ್ಚುವವನು ಆ ಮೋಟು ಬೆರಳು ಹಿಡಿದುಕೊಂಡು ಉಗುರು ಎಲ್ಲಿ ಎಂದು ಹುಡುಕುತ್ತಿದ್ದ. ಮಾವ ಪಕ್ಕದ ಬೆರಳು ಮುಂದೆ ಮಾಡಿ, "ಇದ್ಕಾಕಿ ಸ್ವಾಮಿ, ಅದು ಆಗ್ಲೇ ಓಟಾಕ್ಬುಟ್ಟು ಒಂಟೋಗದೆ" ಎನ್ನುತ್ತಿದ್ದರು. ಪ್ರತಿ ಸಲವೂ ಇದೇ ಮಾತು. ಪ್ರತಿ ಸಲವೂ ನಗುತ್ತಿದ್ದವರು ಅವರೊಬ್ಬರೇ.

ಮಾವ ಫಿಟ್ಟರು. ಕಬ್ಬಿನ ಸಿಪ್ಪೆಯಿಂದ ಕಾಗದ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಹೊಸ ಯಂತ್ರ ಬರುವುದಿತ್ತು, ಅದನ್ನು ಬಿಚ್ಚಿ ಜೋಡಿಸುವುದನ್ನು ಕಲಿತು ಬಾ ಎಂದು ಕಂಪನಿಯವರು ನಾಲ್ಕು ತಿಂಗಳು ಆ ದೇಶಕ್ಕೆ ಕಳಿಸಿದ್ದರು. ಯಂತ್ರದ ವಿಷಯವನ್ನು ಊರಲ್ಲಿ ಯಾರಿಗೂ ಅವರು ಒಂದು ದಿನವೂ ಹೇಳಲಿಲ್ಲ. ಅವರು ಅಲ್ಲಿದ್ದಾಗ ಮಾರ್ಚ್ ತಿಂಗಳಲ್ಲಿ ಅಲ್ಲಿನ ಪಾರ್ಲಿಮೆಂಟಿಗೆ ಚುನಾವಣೆ ನಡೆದಿತ್ತು. ಮಾವ ಹೊತ್ತು ತಂದದ್ದು ಅದನ್ನು. ಜೊತೆಗೆ ಆ ಪಾರ್ಲಿಮೆಂಟಿನ ಚರಿತ್ರೆ ಇದ್ದ ತೆಳ್ಳನೆಯ ಇಂಗ್ಲಿಷ್ ಪುಸ್ತಕ ಒಂದು, ಹಾಲು ಹಾಕದ ಕಾಫಿ ಕುಡಿಯುವ ಚಟ ಒಂದು. ಮನೆಗೆ ಎರಡೆರಡು ಹಸು ಕಟ್ಟಿಕೊಂಡು, ಹೊತ್ತಿಗೆ ಮುಂಚೆ ಎದ್ದು ಡೇರಿಗೆ ಹಾಲು ಹಾಕುವ ಊರಿನಲ್ಲಿ ಈ ಮನುಷ್ಯ ದಿನಕ್ಕೆ ಆರು ಲೋಟ ಕರೀ ಕಾಫಿ ಕುಡಿಯುತ್ತಿದ್ದರು. ನಮ್ಮವ್ವ, ತಮ್ಮನಿಗೆ ಅಲ್ಲಿ ಯಾರೋ ಏನೋ ಮಾಡಿಸಿದ್ದಾರೆ ಎಂದೇ ಸಾಯುವವರೆಗೂ ನಂಬಿದ್ದಳು.

ಅವರಿಗೆ ಅಲ್ಲಿ ಒಬ್ಬ ಮುದುಕ ಫಿಟ್ಟರು ಸ್ನೇಹಿತನಾಗಿದ್ದನಂತೆ. ಭಾನುವಾರ ಅವನ ಜೊತೆ ಪೇಟೆ ಚೌಕಕ್ಕೆ ಹೋದರೆ ಹಿಮದ ಮೇಲೆ ಪಕ್ಷಗಳೆಲ್ಲ ಸಾಲಾಗಿ ಮೇಜು ಹಾಕಿಕೊಂಡು ನಿಂತಿದ್ದವು. ಕೂಲಿಯವರ ಪಕ್ಷ, ಮಾಲೀಕರ ಪಕ್ಷ, ಬೇಸಾಯಗಾರರ ಪಕ್ಷ, ಎಲ್ಲ ಒಂದರ ಮಗ್ಗುಲಿಗೆ ಒಂದು. ಬಂದವರಿಗೆ ಕಾಫಿ, ಬಟಾಣಿ ಸಾರು. ಈ ಪಕ್ಷದವನು ಚಳಿಯಾದರೆ ಆ ಪಕ್ಷದ ಮೇಜಿಗೆ ಹೋಗಿ ಕುಡಿದು ಬರುತ್ತಿದ್ದ. ನಮ್ಮೂರಲ್ಲಿ ಆಗ ಮೇಲಿನ ಬೀದಿಯದೊಂದು ಪಾರ್ಟಿ, ಕೆಳಗಿನ ಬೀದಿಯದೊಂದು ಪಾರ್ಟಿ. ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಕಾಲಿಡುತ್ತಿರಲಿಲ್ಲ. ಈಗಲೂ ಅಷ್ಟೆ. ದೆಹಲಿಯಲ್ಲಿ ಯಾವ ಪಕ್ಷ ಬಂದರೂ ಹೋದರೂ ಆ ಎರಡು ಪಾರ್ಟಿಗಳು ಕದಲುವುದಿಲ್ಲ.

ನಾನು ಮದ್ದೂರಿನಲ್ಲಿ ಮಳವಳ್ಳಿ ರಸ್ತೆಯಲ್ಲಿ ಶಾಮಿಯಾನದ ಅಂಗಡಿ ಇಟ್ಟೆ. ಮೊದಲು ಬೇರೆಯವರ ಹತ್ತಿರ ಗೂಟ ಹೊಡೆದೆ, ಆಮೇಲೆ ಸ್ವಂತದ್ದು. ಯಾರ ಕೈಕಾಲೂ ಹಿಡಿಯಲಿಲ್ಲ. ಮದುವೆ, ನಾಮಕರಣ, ಪಕ್ಷಗಳ ಸಭೆ, ಎಲ್ಲಕ್ಕೂ ನನ್ನದೇ ಪೆಂಡಾಲು, ನನ್ನದೇ ಮೈಕು. ಮಾವ ಕೆಲಸದಿಂದ ನಿವೃತ್ತರಾದ ಮೇಲೆ ದಿನಾ ಹನ್ನೊಂದರ ಬಸ್ಸಿಗೆ ಬಂದು, ಒಂದರೊಳಗೊಂದು ಪೇರಿಸಿದ ಕುರ್ಚಿಗಳ ಮೇಲೆ ಎತ್ತರದಲ್ಲಿ ಕೂತು, ಆ ದೇಶದ ಕತೆ ಹೇಳುತ್ತಿದ್ದರು. ನನಗೆ ರೇಗುತ್ತಿತ್ತು. ಒಂದು ಕಡೆ ಗಾಡಿಗೆ ಪಾತ್ರೆ ತುಂಬಿಸಬೇಕು, ಇನ್ನೊಂದು ಕಡೆ ಇವರ 1906.

ಆದರೂ ಕೇಳಿಸಿಕೊಂಡದ್ದು ಮರೆತಿಲ್ಲ. ಮೊದಲು ಅಲ್ಲಿ ನಾಲ್ಕು ಪಂಗಡಕ್ಕೆ ನಾಲ್ಕು ಸಭೆ ಇದ್ದವಂತೆ: ದೊಡ್ಡ ಮನೆತನದವರಿಗೆ, ಪಾದ್ರಿಗಳಿಗೆ, ಪೇಟೆಯವರಿಗೆ, ಭೂಮಿ ಇದ್ದ ರೈತರಿಗೆ. ಕೂಲಿಯವನಿಗೆ ಏನೂ ಇಲ್ಲ. 1906ರಲ್ಲಿ ಅದನ್ನೆಲ್ಲ ಒಂದೇ ಏಟಿಗೆ ತೆಗೆದುಹಾಕಿ ಇನ್ನೂರು ಜನರ ಒಂದೇ ಸಭೆ ಮಾಡಿದರು. ಇಪ್ಪತ್ನಾಲ್ಕು ವರ್ಷ ತುಂಬಿದ ಗಂಡಿಗೂ ಹೆಣ್ಣಿಗೂ ವೋಟು ಕೊಟ್ಟರು. ಮಾರನೇ ವರ್ಷದ ಚುನಾವಣೆಯಲ್ಲಿ ಹತ್ತೊಂಬತ್ತು ಹೆಂಗಸರು ಗೆದ್ದರು. ಅವರಲ್ಲಿ ಒಬ್ಬಳು ಹನ್ನೆರಡನೇ ವಯಸ್ಸಿಗೆ ಕಾರ್ಖಾನೆಗೆ ಸೇರಿದವಳು, ಆಮೇಲೆ ಕಂಡವರ ಮನೆಯಲ್ಲಿ ಕೆಲಸ ಮಾಡಿದವಳು. ಮುಂದೆ ಮಂತ್ರಿಯಾದಳು. ಮಾವ ಈ ಹೆಂಗಸಿನ ಕತೆಯನ್ನು ನನ್ನ ಮುಖ ನೋಡಿಕೊಂಡೇ ಹೇಳುತ್ತಿದ್ದರು.

ಅವರಿಗೆ ಇನ್ನೊಂದು ಕತೆ ಬಲು ಇಷ್ಟ. 1918ರಲ್ಲಿ ಅಲ್ಲಿ ಕೂಲಿಯವರಿಗೂ ಉಳ್ಳವರಿಗೂ ಯುದ್ಧವೇ ಆಯಿತು. ಸೋತ ಕೂಲಿಯವರು ಸೆರೆಯಲ್ಲಿ ಹಸಿವಿಗೆ, ಕಾಯಿಲೆಗೆ ಸಾವಿರಗಟ್ಟಲೆ ಸತ್ತರು. ಮುದುಕ ಫಿಟ್ಟರನ ಅಪ್ಪನೂ ಅಲ್ಲೇ ಹೋದದ್ದು. ಅದಾದ ಮರುವರ್ಷ ಚುನಾವಣೆ ನಡೆದರೆ ಸೋತವರ ಪಕ್ಷಕ್ಕೆ ಇನ್ನೂರರಲ್ಲಿ ಎಂಬತ್ತು ಸ್ಥಾನ ಬಂತು, ಗೆದ್ದವರು ಅದನ್ನು ಒಪ್ಪಿ ಒಂದೇ ಮನೆಯಲ್ಲಿ ಕೂತರು. "ಯಣ ಎತ್ತಿದ್ ಮಾರ್ನೇ ವರ್ಸ ಕಣ್ಲಾ. ನಾವು ಚಪ್ರದಲ್ಲಿ ಎಲೆ ಆಕ್ನಿಲ್ಲ ಅಂತ ಮೂವತ್ತೊರ್ಸ ಮಾತು ಬುಡ್ತೀವಿ" ಎನ್ನುತ್ತಿದ್ದರು.

ಬೇಸಾಯಗಾರರ ಪಕ್ಷದ ಕತೆಗೆ ಮಾತ್ರ ಅಂಗಡಿಗೆ ಬಂದವರೂ ನಿಂತು ಕಿವಿಗೊಡುತ್ತಿದ್ದರು. 1906ರಲ್ಲಿ ಹುಟ್ಟಿದ್ದು, ಎಷ್ಟೋ ಸರ್ಕಾರ ನಡೆಸಿತು. ನಡುವೆ ಪೇಟೆಯವರ ವೋಟೂ ಬೇಕು ಎಂದು ಹೆಸರಿನಿಂದ ಬೇಸಾಯ ತೆಗೆಯಿತು. ಅದಕ್ಕೂ ಮೊದಲೇ ಸಣ್ಣ ರೈತರು ಮುನಿಸಿಕೊಂಡು ಬೇರೆ ಪಕ್ಷ ಕಟ್ಟಿದ್ದರು. ಮಾವ ಕಂಡ 1987ರ ಚುನಾವಣೆಯ ನಂತರ ಮಾಲೀಕರ ಪಕ್ಷವೂ ಕೂಲಿಯವರ ಪಕ್ಷವೂ ಕೈಜೋಡಿಸಿ ಸರ್ಕಾರ ಮಾಡಿದವು. ಮುನಿಸಿಕೊಂಡು ಹೋದ ಸಣ್ಣ ಪಕ್ಷ ಒಳಗೆ, ಹಡೆದ ಪಕ್ಷ ಹೊರಗೆ. ಹೂವಿನ ಅಂಗಡಿಯವನೊಬ್ಬ ಇದನ್ನು ಕೇಳಿ, ಅದು ಮಂಡ್ಯದ ಪಕ್ಕದಲ್ಲೇ ಎಲ್ಲೋ ಇರಬೇಕು ಬುಡಿ ಎಂದಿದ್ದ.

ಕೇಳಿ ನಕ್ಕು ಬಿಟ್ಟಿದ್ದರೆ ಚೆನ್ನಾಗಿತ್ತು. ಮಾವ ಅದನ್ನು ನಮ್ಮೂರಿನ ಡೇರಿಗೆ ತಂದರು.

ಆರು ವರ್ಷದ ಹಿಂದೆ ಹಾಲಿನ ಸಂಘದ ಆಡಳಿತ ಮಂಡಳಿಗೆ ಚುನಾವಣೆ ಬಂತು. ಹನ್ನೊಂದು ಜಾಗ. ನಮ್ಮಲ್ಲಿ ಒಬ್ಬೊಬ್ಬ ಸದಸ್ಯನೂ ಹನ್ನೊಂದು ಗುರುತು ಒತ್ತುತ್ತಾನೆ, ತನ್ನ ಪಾರ್ಟಿಯ ಹನ್ನೊಂದಕ್ಕೂ ಒತ್ತುತ್ತಾನೆ. ಹತ್ತು ವೋಟು ಹೆಚ್ಚಿದ್ದ ಬೀದಿಗೆ ಹನ್ನೊಂದು ಜಾಗವೂ ಹೋಗುತ್ತದೆ. ಇನ್ನೊಂದು ಬೀದಿಯವರ ಹಾಲು ಐದು ವರ್ಷ ಡೇರಿಯ ಅಳತೆಯಲ್ಲಿ ನೀರಾಗುತ್ತದೆ. ಮಾವ ಹೇಳಿದರು: ನಾಮಪತ್ರ ಹಾಕುವುದಕ್ಕೆ ಮುಂಚೆ ನಾವೇ ಒಂದು ವೋಟು ನಡೆಸೋಣ. ಒಬ್ಬನಿಗೆ ಒಂದೇ ವೋಟು. ಯಾವ ಬೀದಿಗೆ ಎಷ್ಟು ಬಂತೋ ಅದರ ಪ್ರಕಾರ ಜಾಗ ಹಂಚೋಣ. ಆ ಹನ್ನೊಂದು ಜನ ಮಾತ್ರ ನಾಮಪತ್ರ ಹಾಕಲಿ, ಅವಿರೋಧ ಆಯ್ಕೆ ಆಗಲಿ. ಅವಿರೋಧ ಎಂದರೆ ನಮ್ಮ ಕಡೆ ಮರ್ಯಾದೆ. ಆ ಮರ್ಯಾದೆಯ ಆಸೆಗೆ ಎರಡು ಬೀದಿಯವರೂ ಹೂಂ ಎಂದರು. ಮೇಲಿನ ಬೀದಿಯ ಯಜಮಾನರೂ ಹೂಂ ಎಂದರು. ಸಂಘ ಕಟ್ಟಿದ್ದೇ ಅವರು, ಮೂವತ್ತು ವರ್ಷದಿಂದ ಅಧ್ಯಕ್ಷರೂ ಅವರೇ.

ಆ ದೇಶದಲ್ಲಿ ವೋಟಿನ ಕಾಗದದ ಮೇಲೆ ಹೆಸರೂ ಇರುವುದಿಲ್ಲ, ಗುರುತೂ ಇರುವುದಿಲ್ಲ. ಒಂದು ದುಂಡನೆಯ ಗೆರೆ, ಅದರೊಳಗೆ ಬೇಕಾದವರ ನಂಬರನ್ನು ಕೈಯಲ್ಲಿ ಬರೆಯಬೇಕು. ಮಾವ ಅತ್ತೆಯ ಬಳೆ ಇಟ್ಟು ಇನ್ನೂರೈವತ್ತು ಕಾಗದಕ್ಕೆ ದುಂಡು ಎಳೆದರು. ಅಲ್ಲಿ ಅಭ್ಯರ್ಥಿಗಳ ನಂಬರು ಎರಡರಿಂದ ಶುರುವಾಗುತ್ತದಂತೆ. ಒಂದನ್ನು ಬರೆದರೆ ಏಳೋ ಒಂದೋ ತಿಳಿಯದು ಎಂದು ಅದನ್ನು ಬಿಟ್ಟಿದ್ದಾರಂತೆ. ಇಲ್ಲೂ ಒಂದು ಬೇಡ ಎಂದರು. ನಾನು ಆಗಲೇ ಹೇಳಿದೆ. ನಮ್ಮ ಜನ ಒಂದು ಬರೆದರೆ ಗೂಟ ನೆಟ್ಟ ಹಾಗಿರುತ್ತದೆ, ಅದಕ್ಕೂ ಏಳಕ್ಕೂ ಯಾವ ಗೊಂದಲ? ಅಲ್ಲಿಯ ಚಳಿಯನ್ನು ಇಲ್ಲಿಗೆ ಯಾಕೆ ತರುತ್ತೀರಿ? ಮಾವ ಕೇಳಲಿಲ್ಲ. ಸಣ್ಣ ವಿಷಯಕ್ಕೆ ಹಠ ಹಿಡಿದರೆ ಅವರನ್ನು ದೇವರೂ ಬಗ್ಗಿಸುವ ಹಾಗಿರಲಿಲ್ಲ. "ಒಂದ್ನೇ ನಂಬ್ರು ಯಾರ್ಗೂ ಬ್ಯಾಡ ಕಣ್ಲಾ. ಅದುಕ್ಕೇ ಎಲ್ಲಾ ಒಡ್ದಾಡೋದು" ಎಂದರು.

ಅವರು ಮರೆತದ್ದು ಏನೆಂದರೆ, ನಮ್ಮೂರಲ್ಲಿ ಒಂದನೇ ನಂಬರು ಆಗಲೇ ಒಬ್ಬರಿಗಿತ್ತು. ಡೇರಿಯಲ್ಲಿ ಹೆಸರು ಕೂಗುವುದಿಲ್ಲ, ನಂಬರು ಕೂಗುತ್ತಾರೆ. ಹಾಲು ಹಾಕುವ ಪ್ರತಿ ಮನೆಗೂ ಒಂದು ನಂಬರು. ಬೆಳಿಗ್ಗೆ ಸಂಜೆ ಅದೇ ಕೇಳಿ ಕೇಳಿ, ಅಕ್ಷರ ಬಾರದ ಮುದುಕಿಯೂ ತನ್ನ ನಂಬರು ಬರೆಯುತ್ತಾಳೆ. ಯಜಮಾನರ ಹಾಲಿನ ನಂಬರು ಒಂದು. ಚೀಟಿ ಎತ್ತಿದಾಗ ಮಾವನ ಚುನಾವಣೆಯಲ್ಲಿ ಅವರಿಗೆ ಆರು ಬಂತು.

ಭಾನುವಾರ ಬೆಳಿಗ್ಗೆ ಡೇರಿ ಅಂಗಳದಲ್ಲಿ ನನ್ನದೇ ಶಾಮಿಯಾನ, ನನ್ನದೇ ಮೈಕು. ಮಾವ ಮೂರು ಸಲ ಕೂಗಿ ಹೇಳಿದರು: ಹಾಲಿನ ನಂಬರು ಬರೆಯಬೇಡಿ, ಹಲಗೆಯ ಮೇಲೆ ಬರೆದಿರುವ ನಂಬರು ಬರೆಯಿರಿ, ಒಂದನೇ ನಂಬರು ಯಾರದೂ ಅಲ್ಲ, ಅದನ್ನು ಬರೆದರೆ ಎಣಿಸುವುದಿಲ್ಲ. ಮೂರು ಸಲ. ಮೂರನೇ ಸಲಕ್ಕೆ ನಾನೇ ಸೌಂಡು ಜಾಸ್ತಿ ಮಾಡಿಕೊಟ್ಟೆ.

ಇನ್ನೂರ ನಲವತ್ತೊಂದು ಕಾಗದ ಬಿದ್ದವು. ಮಾವನೂ ನಾನೂ ಮೇಜಿನ ಮೇಲೆ ಸುರಿದು ಎಣಿಸಿದೆವು. ಹನ್ನೊಂದು ಜನ ತಮ್ಮ ತಮ್ಮ ಹಾಲಿನ ನಂಬರು ಬರೆದು ತಮಗೆ ತಾವೇ ವೋಟು ಹಾಕಿಕೊಂಡಿದ್ದರು. ಮೂವತ್ತೆಂಟು ಕಾಗದಗಳಲ್ಲಿ ಬಳೆಯ ದುಂಡಿನ ನಡುವೆ ಒಂದೊಂದು ಗೂಟ. ಅದು ಭಯವೋ ಭಕ್ತಿಯೋ ಅಭ್ಯಾಸವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆರನೇ ನಂಬರಿಗೆ ಬಿದ್ದದ್ದು ನಾಲ್ಕು.

ಆ ಹನ್ನೊಂದನ್ನೂ ಈ ಮೂವತ್ತೆಂಟನ್ನೂ ಮಾವ ಪಕ್ಕಕ್ಕಿಟ್ಟರು. ಮಿಕ್ಕಿದ್ದರಲ್ಲಿ ಕೆಳಗಿನ ಬೀದಿಗೆ ನೂರ ಎಂಟು, ಮೇಲಿನ ಬೀದಿಗೆ ಎಂಬತ್ನಾಲ್ಕು. ಆಮೇಲೆ ಆ ದೇಶದ ಲೆಕ್ಕ. ಒಂದೊಂದು ಬೀದಿಯ ವೋಟನ್ನು ಒಂದರಿಂದ, ಎರಡರಿಂದ, ಮೂರರಿಂದ ಭಾಗಿಸುತ್ತ ಹೋಗಿ, ಬಂದ ಸಂಖ್ಯೆಗಳಲ್ಲಿ ಮೇಲಿನ ಹನ್ನೊಂದಕ್ಕೆ ಒಂದೊಂದು ಜಾಗ. ಕೆಳಗಿನ ಬೀದಿಗೆ ಆರು, ಮೇಲಿನ ಬೀದಿಗೆ ಐದು. ಬೀದಿಯೊಳಗೆ ಯಾರಿಗೆ ಹೆಚ್ಚು ವೋಟು ಬಂದಿದೆಯೋ ಅವರಿಗೆ ಮೊದಲು ಜಾಗ. ನಾಲ್ಕೇ ವೋಟಿನ ಯಜಮಾನರಿಗೆ ಆ ಐದರಲ್ಲಿ ಜಾಗವಿಲ್ಲ. ಕೆಳಗಿನ ಬೀದಿಯ ಆರನೇ ಜಾಗ, ಗಂಡ ಸತ್ತ ಮೇಲೆ ನಾಲ್ಕು ಹಸು ಕಟ್ಟಿಕೊಂಡು ಊರಿಗೆಲ್ಲ ಹೆಚ್ಚು ಹಾಲು ಹಾಕುತ್ತಿದ್ದ ಒಬ್ಬ ಅಕ್ಕನಿಗೆ ಬಂತು. ಸಂಘ ಹುಟ್ಟಿದ ಮೇಲೆ ಹೆಂಗಸೊಬ್ಬಳು ಗಂಡನ ಹೆಸರಿಗಲ್ಲದೆ ತನ್ನ ಹೆಸರಿಗೆ ಗಳಿಸಿದ ಮೊದಲ ಜಾಗ ಅದು. ಆ ಮೂವತ್ತೆಂಟನ್ನು ಮೇಲಿನ ಬೀದಿಗೆ ಸೇರಿಸಿದರೆ ಲೆಕ್ಕ ತಿರುಗಿ ಅವರಿಗೆ ಆರು, ಇವರಿಗೆ ಐದು. ಯಜಮಾನರು ಒಳಗೆ, ಅಕ್ಕ ಹೊರಗೆ.

ಯಜಮಾನರು ಕೂಗಾಡಲಿಲ್ಲ. ಕೂಗಾಡುವವರನ್ನು ಇಟ್ಟುಕೊಂಡಿದ್ದರು. ಒಂದು ಎಂದರೆ ಯಾರೆಂದು ಕರುವಿಗೂ ಗೊತ್ತು ಎಂದು ಒಬ್ಬ. ಈ ನಿಯಮವನ್ನು ಮೊದಲು ಹೇಳಲೇ ಇಲ್ಲ, ಎಣಿಸುವಾಗ ಹುಟ್ಟಿಸಿದರು ಎಂದು ಇನ್ನೊಬ್ಬ. ಕೆಳಗಿನ ಬೀದಿಯವರು, ಹೇಳಿದ್ದರು, ಹೇಳಿದ್ದರು ಎಂದು ಕಿರುಚಿದರು. ಅವರ ಮಾತು ಯಾರು ಕೇಳುತ್ತಾರೆ, ಗೆದ್ದವರಲ್ಲವೇ. ಆಗ ಯಜಮಾನರು ನನ್ನ ಕಡೆ ತಿರುಗಿದರು. ನಾನು ಯಾವ ಪಾರ್ಟಿಗೂ ಸೇರಿದವನಲ್ಲ, ಎಲ್ಲರಿಗೂ ಕುರ್ಚಿ ಹಾಕುವವನು. ಅಂಗಳದಲ್ಲಿ ಎರಡು ಬೀದಿಯೂ ಒಪ್ಪುವ ಮಾತು ನನ್ನದೊಂದೇ ಇತ್ತು. ಮುಂದಿನ ತಿಂಗಳು ಅವರ ಮಗಳ ಮದುವೆ, ಚಪ್ಪರ ನನ್ನದೇ ಎಂದು ನಿಶ್ಚಯವಾಗಿತ್ತು.

"ಮೈಕು ನಿಂದೇ ಅಲ್ವೇನಪ್ಪ. ನೀನೇ ಯೋಳು. ನಿಮ್ಮಾವ ಮೊದ್ಲೇ ಯೋಳಿದ್ರಾ, ಇಲ್ವಾ?"

ಮಾವ ನನ್ನ ಕಡೆ ನೋಡಲೂ ಇಲ್ಲ. ಕಾಗದಗಳನ್ನು ಕಟ್ಟು ಕಟ್ಟುತ್ತಿದ್ದರು. ನಾನು ಏನು ಹೇಳುತ್ತೇನೆ ಎಂಬ ಬಗ್ಗೆ ಅವರಿಗೆ ಅನುಮಾನವೇ ಇರಲಿಲ್ಲ.

"ನಾನ್ ಓದ್ದೋನಲ್ಲ ಯಜಮಾನ್ರೇ. ಈ ಲೆಕ್ಕ ನಿಯಮ ಎಲ್ಲ ನಂಗ್ ತಿಳೀನಿಲ್ಲ. ಮೈಕು ಕಟ್ದೆ, ಅಷ್ಟೇಯ" ಎಂದೆ.

ಕಟ್ಟು ಕಟ್ಟುತ್ತಿದ್ದ ಮಾವನ ಕೈ ನಿಂತಿತು. ಅಷ್ಟೇ ನಾನು ಕಂಡದ್ದು. ಆಮೇಲೆ ನಾನು ವೈರು ಸುತ್ತುವ ಕೆಲಸಕ್ಕೆ ಬಗ್ಗಿದೆ.

ಒಪ್ಪಂದ ಅಲ್ಲಿಗೆ ಮುರಿಯಿತು. ಎರಡು ಕಡೆಯವರೂ ನಾಮಪತ್ರ ಹಾಕಿದರು. ಅಧಿಕಾರಿ ಬಂದು ನಡೆಸಿದ ಚುನಾವಣೆಯಲ್ಲಿ ಹನ್ನೊಂದಕ್ಕೆ ಹನ್ನೊಂದೂ ಮೇಲಿನ ಬೀದಿ. ಕೆಳಗಿನ ಬೀದಿಯವರ ಹಾಲಿಗೆ ಡೇರಿಯ ಅಳತೆಯಲ್ಲಿ ಗಟ್ಟಿ ಹಾಲಿನ ಡಿಗ್ರಿ ಬರುವುದು ನಿಂತುಹೋಯಿತು. ಆ ಅಕ್ಕ ದಿನಕ್ಕೆ ಎರಡು ಸಲ ಕಾಲುವೆ ಏರಿಯ ಮೇಲೆ ಕ್ಯಾನು ಹೊತ್ತುಕೊಂಡು ಪಕ್ಕದ ಊರಿನ ಡೇರಿಗೆ ಹೋಗತೊಡಗಿದಳು. ಮದುವೆ ಚಪ್ಪರ ನಾನೇ ಹಾಕಿದೆ. ಚೆನ್ನಾಗಿತ್ತು ಎಂದು ಎಲ್ಲರೂ ಹೇಳಿದರು.

ಮಾವ ನನ್ನ ಮೇಲೆ ಮುನಿಸಿಕೊಳ್ಳುತ್ತಾರೆ, ಅಂಗಡಿಗೆ ಬರುವುದು ಬಿಡುತ್ತಾರೆ ಎಂದುಕೊಂಡಿದ್ದೆ. ಹಾಗಾಗಿದ್ದರೆ ನನಗೂ ಒಂದು ದಾರಿ ಸಿಗುತ್ತಿತ್ತು. ಸೋಮವಾರ ಹನ್ನೊಂದರ ಬಸ್ಸಿಗೆ ಬಂದೇಬಿಟ್ಟರು, ಕುರ್ಚಿಗಳ ಮೇಲೆ ಹತ್ತಿ ಕೂತರು. ಕರೀ ಕಾಫಿ ತರಿಸಿಕೊಟ್ಟೆ. ಕುಡಿದು ಮುಗಿಸಿದರು. ಲೋಟ ಕೆಳಗಿಟ್ಟು ಹೇಳಿದರು:

"ಯೋಳ್ನಿಲ್ಲ ಅಂತ ಸುಳ್ಳೇ ಯೋಳ್ಬುಟ್ಟಿದ್ರೂ ನಂಗ್ ಬ್ಯಾಸ್ರ ಆಯ್ತಿರ್ನಿಲ್ಲ. ಓದಿಲ್ಲ ಅಂತ ಅಂದ್ಯಲ್ಲ, ಅದೊಂದ್ ಅನ್ಬಾರ್ದಿತ್ತು ಕಣ್ಲಾ. ಓದ್ದೋರು ಯಾವತ್ತೂ ಎಣಿಸ್ಕೊತಾರೆ. ಓದ್ದೆ ಇರೋನೂ ಎಣಿಸ್ಬೋದು ಅಂತಾನೆ ನಿನ್ನ ಮೇಜ್ತಾವ ಕೂರ್ಸಿದ್ದು."

ನನಗೆ ಸಿಟ್ಟು ಬಂತು. ನಿಮಗೆ ಯಾರು ಒಂದನ್ನು ಬಿಡಿ ಎಂದು ಹೇಳಿದ್ದು, ನಾನು ಬೇಡ ಎಂದಿರಲಿಲ್ಲವೇ, ಒಂದರಿಂದ ಶುರು ಮಾಡಿ ಅದನ್ನು ಯಜಮಾನರಿಗೇ ಕೊಟ್ಟಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ ಎಂದು ಕೂಗಾಡಿದೆ. ಮಾವ ತಲೆಯಾಡಿಸಿದರು. ಅದು ತಮ್ಮ ತಪ್ಪೇ ಎಂದರು. ಪರದೇಶದಿಂದ ಬೀಜ ತಂದವನು ಅಲ್ಲಿಯ ಮಣ್ಣನ್ನೂ ತರಬಾರದಿತ್ತು ಎಂದರು. ಇಷ್ಟು ಸಲೀಸಾಗಿ ಒಪ್ಪಿಕೊಂಡುಬಿಟ್ಟರೆ ಮನುಷ್ಯ ಇನ್ನೇನೆಂದು ಜಗಳ ಆಡುವುದು? ನನ್ನ ತಪ್ಪನ್ನು ಒಪ್ಪಿಕೊಳ್ಳಲು ನನಗೆ ಬಾಯಿ ಬರಲಿಲ್ಲ.

ಆಮೇಲೂ ಅವರು ಬರುತ್ತಿದ್ದರು. ಆದರೆ ಫಿನ್ಲೆಂಡಿನ ಸುದ್ದಿ ತೆಗೆಯುವುದನ್ನು ಬಿಟ್ಟರು. ಒಂದು ದಿನ ಅವರನ್ನು ಗಾಡಿಯಲ್ಲಿ ಕೂರಿಸಿಕೊಂಡು ಶಿವಪುರದ ಹತ್ತಿರ ಒಂದು ಪೆಂಡಾಲು ಬಿಚ್ಚಲು ಹೋಗುತ್ತಿದ್ದಾಗ ನಾನೇ ಕೆಣಕಿದೆ, ಆ ಮನೆಗೆಲಸದ ಹೆಂಗಸು ಮಂತ್ರಿಯಾದದ್ದು ಯಾವ ವರ್ಷ ಎಂದು. ಇಪ್ಪತ್ತಾರು ಎಂದರು, ಕಿಟಕಿಯ ಕಡೆ ತಿರುಗಿದರು. ಮೂವತ್ತು ವರ್ಷ ನನ್ನ ತಲೆ ತಿಂದ ಕತೆಯನ್ನು ಒಂದು ಮಾತಿಗೆ ಇಳಿಸಿಬಿಟ್ಟರು. ಆ ಕತೆಯಿಲ್ಲದ ಅಂಗಡಿಯನ್ನು ನನಗೆ ಸಹಿಸಲಾಗಲಿಲ್ಲ.

ಹೋದ ವರ್ಷ ಮಂಡ್ಯದ ಆಸ್ಪತ್ರೆಯಲ್ಲಿ ಮಾವ ತೀರಿಕೊಂಡರು. ಎದೆಯಲ್ಲಿ ಕಫ ಕಟ್ಟಿತ್ತು. ನಾಲ್ಕು ದಿನ ಪಕ್ಕದಲ್ಲೇ ಕೂತಿದ್ದೆ. ಹೇಳಬೇಕಾದ್ದನ್ನು ಹೇಳಲಿಲ್ಲ. ಬೆಳಿಗ್ಗೆ ಹೇಳೋಣ, ಡಾಕ್ಟರು ಬಂದು ಹೋಗಲಿ ಎನ್ನುತ್ತಲೇ ಇದ್ದೆ.

ಹನ್ನೊಂದನೇ ದಿನದ ಕಾರ್ಯಕ್ಕೆ ಎರಡು ಬೀದಿಯವರೂ ಬಂದರು. ಸತ್ತವನು ಯಾವ ಪಾರ್ಟಿಯವನೂ ಆಗಿರಲಿಲ್ಲವಲ್ಲ. ಒಂದೇ ಪೆಂಡಾಲಿನಲ್ಲಿ ಮೇಲಿನ ಬೀದಿಯವರು ಆ ಪಕ್ಕ, ಕೆಳಗಿನ ಬೀದಿಯವರು ಈ ಪಕ್ಕ ಕೂತರು. ಮುದ್ದೆ ಬಡಿಸಿಯಾಗಿತ್ತು. ನಾನು ಮೈಕು ತೆಗೆದುಕೊಂಡೆ. ಆ ಭಾನುವಾರ ನನ್ನ ಮಾವ ಮೂರು ಸಲ ಹೇಳಿದ್ದರು, ನಾನು ಕೇಳಿದ್ದೆ, ಎಣಿಕೆ ಸರಿಯಾಗಿತ್ತು, ನನಗೆ ಎಲ್ಲ ತಿಳಿದಿತ್ತು, ನನ್ನ ಚಪ್ಪರಕ್ಕಾಗಿ ಸುಳ್ಳು ಹೇಳಿದೆ ಎಂದೆ.

ಸಾರು ಬಡಿಸುವವನು ಸೌಟು ಹಿಡಿದು ನಿಂತಿದ್ದ. ಕೊನೆಗೆ ಯಜಮಾನರು ತಲೆ ಎತ್ತದೆಯೇ, "ಆಯ್ತು ಕೂತ್ಕಳಪ್ಪ, ಸಾರು ಆರೋಯ್ತದೆ" ಎಂದರು. ಜನ ಉಣ್ಣತೊಡಗಿದರು.

ಕೈತೊಳೆಯುವ ಕಡೆ ಆ ಅಕ್ಕ ಸಿಕ್ಕಳು. ನೀರು ಮುಗಿಯುವವರೆಗೂ ಕೈ ಉಜ್ಜುತ್ತಲೇ ಇದ್ದಳು. "ಅವತ್ತಂದಿದ್ರೆ ನಾನೂ ಒಳೀಕೋಗಿ ಕುಂತ್ಕತಿದ್ದೆ. ಇವತ್ತಂದಿದ್ದು ನಿನ್ ನಿದ್ದೇಗೆ" ಎಂದಳು. ಬೈಗುಳವಾಗಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಸೆರಗಿಗೆ ಕೈ ಒರೆಸಿಕೊಂಡು ಹೊರಟಳು. ಹಾಲಿನ ಹೊತ್ತಾಗಿತ್ತು.

ಮುಂದಿನ ವಾರ ನಾನು ಡೇರಿಗೆ ಹೋಗಿ, ಹಾಲು ಕರೆಯುವವಳು ನನ್ನ ಹೆಂಡತಿ, ನನ್ನ ಹೆಸರಿನಲ್ಲಿರುವ ಸದಸ್ಯತ್ವ ಅವಳ ಹೆಸರಿಗೆ ಮಾಡಿ ಎಂದು ಅರ್ಜಿ ಕೊಟ್ಟೆ. ಹಿಂದು ಮುಂದು ತಿರುಗಿಸಿ ಮೂರು ಸಲ ಅಲೆದಾಡಿಸಿದರು. ನಾಲ್ಕನೇ ಸಲಕ್ಕೆ ಬರೆದುಕೊಂಡರು.

ಈಗ ನನ್ನ ಹತ್ತಿರ ಒಂಬೈನೂರು ಕುರ್ಚಿ, ಅರವತ್ತು ಮೇಜು, ಹದಿನಾಲ್ಕು ಶಾಮಿಯಾನ, ಮೂರು ಮೈಕ್ ಸೆಟ್ಟು, ಎರಡು ಗಾಡಿ ಇವೆ. ಆರು ಜನ ಕೆಲಸಕ್ಕಿದ್ದಾರೆ. ಮನೆಯಲ್ಲಿ ಎರಡು ಹಸು. ಡೇರಿಯಲ್ಲಿ ಹೆಂಡತಿಗೆ ಒಂದು ವೋಟು, ನನಗೆ ಇಲ್ಲ.